ಚಿತ್ರಕಲೆಯ ಗಂಧವೇ ಇಲ್ಲದ ತಂದೆಯವರು ಚಿತ್ರಶಾಲೆಗೆ ಹೋಗಿ ಏನು ಮಾಡಬೇಕು?

ಎಪ್ಪತ್ನಾಲ್ಕು ವರ್ಷದ ನಿಮ್ಮ ತಂದೆಯವರು ಮೈಸೂರಿನ ಹಿರಿಯ ನಾಗರಿಕರ ವಸತಿ ಸಮುಚ್ಚಯವೊಂದಕ್ಕೆ ಬಂದು ನೆಲೆಸಿದ್ದಾರೆ, ಅಲ್ಲಿಯವರು ತಿಂಗಳಿಗೊಮ್ಮೆ ಚಿತ್ರಶಾಲೆಗೋ ವಸ್ತುಸಂಗ್ರಹಾಲಯಕ್ಕೋ ಕರೆದೊಯ್ಯುತ್ತಾರೆ, ಆದರೆ ಜೀವಮಾನದಲ್ಲಿ ಒಂದು ಚಿತ್ರವನ್ನೂ ನಿಂತು ನೋಡದ ಅವರಿಗೆ ಅದರಿಂದ ಏನು ಸಿಕ್ಕೀತು ಎಂದು ಕೇಳಿದ್ದೀರಿ. ನಾನೂ ಬೋಗಾದಿ ಕಡೆಯ ಅಂಥದೇ ಒಂದು ಸಮುಚ್ಚಯದಲ್ಲಿ ಐದು ವರ್ಷಗಳಿಂದ ಇದ್ದೇನೆ. ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತವನು ನಾನು. ನೋಟನ್ನು ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ನೋಡಿದ್ದನ್ನು ಬಿಟ್ಟರೆ ಯಾವ ಚಿತ್ರವನ್ನೂ ಗಮನವಿಟ್ಟು ನೋಡಿದ ನೆನಪಿಲ್ಲ. ಆದ್ದರಿಂದ ನಿಮ್ಮ ತಂದೆಯವರ ಪರವಾಗಿ ಮಾತನಾಡುವ ಅರ್ಹತೆ ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಮೊದಲ ಪ್ರವಾಸ ಪೂರ್ತಿ ಕೆಟ್ಟಿತು. ಉತ್ಸಾಹಿಗಳಾದ ವ್ಯವಸ್ಥಾಪಕರು ಅರಮನೆ, ಜಗನ್ಮೋಹನ ಅರಮನೆ, ರೈಲ್ವೆ ವಸ್ತುಸಂಗ್ರಹಾಲಯ ಮೂರನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟಿದ್ದರು. ಅರಮನೆಯಲ್ಲಿ ಚಪ್ಪಲಿ ಕಳಚಿಟ್ಟು, ಜನಜಂಗುಳಿಯಲ್ಲಿ ತಳ್ಳಿಸಿಕೊಂಡು, ಕಲ್ಯಾಣ ಮಂಟಪದ ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳನ್ನು ಮೆರವಣಿಗೆಯಷ್ಟೇ ವೇಗವಾಗಿ ದಾಟಿ ಹೊರಬರುವ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಮಂಡಿ ಹಿಡಿದುಕೊಂಡು ಕುಳಿತಿದ್ದರು. ಏನು ನೋಡಿದಿರಿ ಎಂದು ರಾತ್ರಿ ಮಗಳು ಫೋನಿನಲ್ಲಿ ಕೇಳಿದಾಗ ಕಬ್ಬಿನ ಹಾಲಿನ ಅಂಗಡಿಯೊಂದೇ ನೆನಪಿಗೆ ಬಂತು.

ಆ ಮೇಲೆ ನಾವು ಏಳೆಂಟು ಮಂದಿ ಸೇರಿ ಒಂದು ಕಟ್ಟಳೆ ಮಾಡಿಕೊಂಡೆವು: ಒಂದು ಭೇಟಿಗೆ ಒಂದು ಜಾಗ, ಆ ಜಾಗದಲ್ಲಿ ಒಂದೇ ಚಿತ್ರ. ಉಳಿದವುಗಳನ್ನು ದಾರಿಯಲ್ಲಿ ಸಿಕ್ಕ ಪರಿಚಿತರಂತೆ ನಕ್ಕು ದಾಟುವುದು.

ಮೊದಲು ಆರಿಸಿದ್ದು ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರವನ್ನು. 1861ರಲ್ಲಿ ಕಟ್ಟಿದ ಆ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ರವಿವರ್ಮನ ಹಲವು ಮೂಲ ಚಿತ್ರಗಳು ಅಲ್ಲಿರುವುದರಿಂದ ಇದನ್ನೂ ಅವನದೇ ಎಂದು ಹೇಳುವವರನ್ನು ನೀವು ಖಂಡಿತ ಕಾಣುತ್ತೀರಿ. ಬರೆದವರು ಎಸ್. ಎಲ್. ಹಲ್ದಣಕರ್. ಎಣ್ಣೆವರ್ಣವೆಂದು ಭಾಸವಾದರೂ ಅದು ಜಲವರ್ಣ. ಅವಳು ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಅಂಗೈಯನ್ನು ಅದಕ್ಕೆ ಮರೆಮಾಡಿಕೊಂಡಿದ್ದಾಳೆ, ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ಸೋಸಿ ಬರುತ್ತದೆ. ರೂಪದರ್ಶಿಯಾಗಿ ನಿಂತವರು ಚಿತ್ರಕಾರರ ಮಗಳು ಗೀತಾ. ಅವರು 2018ರಲ್ಲಿ, ತಮ್ಮ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ಸಂಗತಿ ಕೇಳಿದ ಮೇಲೆ ನಮ್ಮ ಗುಂಪಿನ ಹೆಂಗಸರಿಗೆ ಆಕೆಯ ಮೇಲೆ ಒಂದು ಬಗೆಯ ಸಲಿಗೆಯೇ ಬೆಳೆಯಿತು.

ನನಗೆ ಆಗಷ್ಟೇ ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು, ಎಡಗಣ್ಣಿನದು ಬಾಕಿಯಿತ್ತು. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟಿರುತ್ತದೆ, ನೀಲಿಯನ್ನು ನುಂಗಿಬಿಡುತ್ತದೆ. ಚಿತ್ರದ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಕೋಣೆಯೆಲ್ಲ ಹರಳೆಣ್ಣೆಯ ಬಣ್ಣ, ದೀಪಕ್ಕೂ ಮುಖಕ್ಕೂ ಅಂಥ ಭೇದವಿಲ್ಲ. ಬಲಗಣ್ಣಿಗೆ ನೆರಳೆಲ್ಲ ತಣ್ಣಗೆ ಹಿಂದೆ ಸರಿದು, ದೀಪದ ಬೆಳಕು ಮಾತ್ರ ಬೆಚ್ಚಗೆ ಮುಂದೆ ಬಂತು. ಹೀಗೆ ಕಣ್ಣು ಮಿಟುಕಿಸುತ್ತ ಹತ್ತು ನಿಮಿಷ ನಿಂತಿದ್ದ ನನ್ನನ್ನು ಕಾವಲಿನವರು ಅನುಮಾನದಿಂದ ನೋಡಿದರು. ವಿಷಯ ತಿಳಿಸಿದಾಗ, ತಮ್ಮ ತಾಯಿಯ ಪೊರೆಯ ಕಥೆ ತೆಗೆದರು. ಪೊರೆ ತೆಗೆಸಿದವರು ಯಾರಾದರೂ ನಿಮ್ಮ ತಂದೆಯವರ ಜೊತೆಗಿದ್ದರೆ ಈ ಪ್ರಯೋಗ ಮಾಡಿಸಿ. ಚಿತ್ರಕಲೆಯ ಪಾಠಕ್ಕಿಂತ ಇದು ಮೇಲು.

ಒಬ್ಬರೇ ನೋಡುವುದಕ್ಕೂ ಜೊತೆಯವರೊಂದಿಗೆ ನೋಡುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ, 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ನಮ್ಮಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರಿದ್ದಾರೆ, ಇಂಗ್ಲಿಷರ ಪಡೆ ಚೌಕಾಕಾರವಾಗಿ ನಿಂತಿರುವುದನ್ನೂ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನೂ ತೋರಿಸಿದವರು ಅವರು. ಅದೇ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ, ಇಂಗ್ಲಿಷರ ಪಡೆಯ ನಾಯಕ ಕರ್ನಲ್ ಬೇಲಿಯನ್ನು ಮೊದಲು ಕಂಡುಹಿಡಿದದ್ದು ಮಾತ್ರ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಮೇಡಂ. ಪರೀಕ್ಷೆಯಲ್ಲಿ ಹೀಗೆ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ ಎಂದರು. ಇತ್ತ ಟಿಪ್ಪು ಆನೆಯ ಮೇಲೆ ಗುಲಾಬಿ ಮೂಸುತ್ತ, ನೆಂಟರ ಮದುವೆಗೆ ಹೊರಟವನಂತೆ ನಿಶ್ಚಿಂತನಾಗಿದ್ದಾನೆ. ಅದು ಗೆದ್ದವನು ಬರೆಸಿದ ಚಿತ್ರವೆಂಬುದನ್ನು ಮರೆಯಬಾರದು, ಆದರೆ ಆ ತಮಾಷೆಯನ್ನು ಸವಿಯಲು ಅದು ಅಡ್ಡಿಯಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ವಾದ ನಡೆಯಿತು; ರಕ್ತದೊತ್ತಡದ ಮಾತ್ರೆಯ ಸುದ್ದಿಯನ್ನು ಆ ದಿನ ಯಾರೂ ಎತ್ತಲಿಲ್ಲ.

ನಿಮ್ಮ ತಂದೆಯವರು ಹಳ್ಳಿಯಿಂದ ಬಂದವರಾದರೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯವನ್ನು ಬಿಡಬೇಡಿ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡಗಳ ಮುಂದೆ ನಮ್ಮಂಥ ನಗರದವರು ಬಾಯಿ ಮುಚ್ಚಿಕೊಂಡು ಕೇಳಬೇಕಾಗುತ್ತದೆ. ಮಂಡ್ಯ ಕಡೆಯ ಅಜ್ಜಿಯೊಬ್ಬರು ನಮ್ಮ ಗುಂಪಿನಲ್ಲಿ ಎಂದೂ ಮಾತೇ ಆಡುತ್ತಿರಲಿಲ್ಲ. ಅಲ್ಲಿಂದ ಬಂದ ಸಂಜೆ ಕೊಳಗ, ಬಳ್ಳ, ಸೇರು, ಪಾವು, ಚಟಾಕು ಎಂದು ಅಳತೆಗಳನ್ನೆಲ್ಲ ನಮ್ಮಿಂದ ಬಾಯಿಪಾಠ ಮಾಡಿಸಿದರು.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಎಲ್ಲಿ ಸಿಕ್ಕರೂ ಎದುರಿಗೆ ನಿಂತು ನೋಡಿ ಮುಗಿಸಬೇಡಿ. ತಂಜಾವೂರು ಚಿತ್ರದಲ್ಲಿ ಚಿನ್ನದ ಕೆಲಸ ದಪ್ಪವಾಗಿ ಉಬ್ಬಿರುತ್ತದೆ, ನಮ್ಮದರಲ್ಲಿ ಅದು ತೀರ ತೆಳು. ಪಕ್ಕಕ್ಕೆ ಸರಿದು, ತುಸು ಬಗ್ಗಿ ಓರೆಯಾಗಿ ನೋಡಿದಾಗಲೇ ಸೀರೆಯ ಅಂಚಿನ ಎಳೆಎಳೆಯೂ ಕಾಣುತ್ತದೆ. ಕಳ್ಳನೋಟು ಹಿಡಿಯುತ್ತಿದ್ದ ನನಗೆ ಈ ಕೆಲಸ ಮಾತ್ರ ಮೊದಲ ದಿನವೇ ಸಲೀಸಾಗಿ ಬಂತು.

ಇನ್ನು ವ್ಯವಸ್ಥೆಯ ಮಾತು. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಲಿ, ದಸರಾ ಮತ್ತು ಬೇಸಿಗೆ ರಜೆಯ ದಿನಗಳು ಬೇಡ. ಮೆಟ್ಟಿಲು ಎಷ್ಟಿವೆ, ಕೂರಲು ಬೆಂಚು ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂಬುದನ್ನು ಒಬ್ಬರು ಮೊದಲೇ ಹೋಗಿ ನೋಡಿ ಬಂದಿರಬೇಕು. ನಮ್ಮಲ್ಲಿ ಈ ಕೆಲಸ ಸುಬೇದಾರರದು. ದೂರ ನೋಡುವ ಕನ್ನಡಕದ ಜೊತೆಗೆ ಓದುವ ಕನ್ನಡಕವನ್ನೂ ನಿಮ್ಮ ತಂದೆಯವರ ಜೇಬಿಗೆ ಹಾಕಿ ಕಳಿಸಿ. ಮೊದಲ ಸಲಕ್ಕೆ ದರಿಯಾ ದೌಲತ್ ಆಗಬಹುದು. ಸಂಜೆ ಫೋನು ಮಾಡಿದಾಗ ಹೇಗಿತ್ತು ಎಂದು ಕೇಳಬೇಡಿ. ಪಲ್ಲಕ್ಕಿಯಲ್ಲಿದ್ದವನು ಏನು ಮಾಡುತ್ತಿದ್ದ ಎಂದು ಕೇಳಿ.