ಪಾಠ ರೆಕಾರ್ಡ್ ಮಾಡಬೇಕು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ಲ್ಯಾಪ್‌ಟಾಪ್ ಪರದೆಯ ಮೇಲೆ ಲೆಕ್ಕ ಬಿಡಿಸಿ ತೋರಿಸುವ ವಿಡಿಯೊಗಳನ್ನು ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಮಾಡುವ ಆಸೆ. ವಿಂಡೋಸ್ 11, 8 ಜಿಬಿ ರ‍್ಯಾಮ್ ಇದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಲೇಬೇಕಾ?
– ಓದುಗರು, ಹನುಮಂತನಗರ

ಉತ್ತರ: ಬೇಡ ಮೇಷ್ಟ್ರೇ. ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಹಾಕಬೇಡಿ. ಖರ್ಚು ಮಾಡುವುದಿದ್ದರೆ ಎಸ್.ಪಿ. ರೋಡಿಗೆ ಹೋಗಿ ಒಂದು ಕಾಲರ್ ಮೈಕ್ ತನ್ನಿ. ನನ್ನ ಹತ್ತಿರ ಎಡಿಟಿಂಗ್‌ಗೆ ಬರುವ ಪಾಠದ ವಿಡಿಯೊಗಳಲ್ಲಿ ಚಿತ್ರ ಚೆನ್ನಾಗಿಲ್ಲ ಅಂತ ಬಿಟ್ಟಿದ್ದು ಕಡಿಮೆ. ಮಾತು ಕೇಳಿಸದೆ ಬಿಟ್ಟಿದ್ದೇ ಜಾಸ್ತಿ. ಚಿತ್ರ ಸ್ವಲ್ಪ ಮಸುಕಾದರೂ ಮಕ್ಕಳು ಸಹಿಸಿಕೊಳ್ಳುತ್ತಾರೆ, ಮೇಷ್ಟ್ರ ದನಿ ಗೊರಗೊರ ಅಂದರೆ ಎದ್ದು ಹೋಗುತ್ತಾರೆ.

ರೆಕಾರ್ಡಿಂಗ್‌ಗೆ ಒಬಿಎಸ್ ಸ್ಟುಡಿಯೊ ಹಾಕಿಕೊಳ್ಳಿ. ಪೂರ್ತಿ ಉಚಿತ, ವಿಡಿಯೊ ಮೇಲೆ ಯಾವ ಮುದ್ರೆಯನ್ನೂ ಒತ್ತುವುದಿಲ್ಲ. ತೆರೆದ ಕೂಡಲೇ ಕಾಣುವ ಬಟನ್‌ಗಳನ್ನು ನೋಡಿ ಗಾಬರಿ ಬೇಡ, ನಿಮಗೆ ಬೇಕಾದದ್ದು ಎರಡೇ ಜಾಗ. 'ಸೋರ್ಸಸ್' ಡಬ್ಬಿಯಲ್ಲಿ ಪ್ಲಸ್ ಒತ್ತಿ 'ಡಿಸ್‌ಪ್ಲೇ ಕ್ಯಾಪ್ಚರ್' ಆರಿಸಿದರೆ ಪರದೆ ಬಂತು. ಪಕ್ಕದ 'ಆಡಿಯೊ ಮಿಕ್ಸರ್'ನಲ್ಲಿ ನೀವು ಮಾತಾಡಿದಂತೆ ಒಂದು ಪಟ್ಟಿ ಕುಣಿಯುತ್ತದೆ. ಅದು ಹಳದಿಯವರೆಗೆ ಏರಬೇಕು, ಕೆಂಪಿಗೆ ಹೋದರೆ ದನಿ ಒಡೆಯುತ್ತದೆ. ಹಸಿರಲ್ಲೇ ಉಳಿದರೆ ಮೈಕ್ ಇನ್ನೂ ಹತ್ತಿರ ತನ್ನಿ. ಸೆಟ್ಟಿಂಗ್ಸ್‌ನಲ್ಲಿ 1920 x 1080, ಸೆಕೆಂಡಿಗೆ 30 ಫ್ರೇಮ್ ಸಾಕು. ಲೆಕ್ಕ ಬಿಡಿಸುವುದಕ್ಕೆ 60 ಇಟ್ಟರೆ ಲ್ಯಾಪ್‌ಟಾಪ್ ಸುಮ್ನೆ ದಣಿಯುತ್ತದೆ.

ಮೊದಲು ಒಂದೇ ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ಫ್ಯಾನ್ ಸದ್ದು ಕೇಳಿಸಿದರೆ ಆರಿಸಿಬಿಡಿ. ಆಗದಿದ್ದರೆ ಮೈಕ್‌ನ 'ಫಿಲ್ಟರ್ಸ್'ನಲ್ಲಿ 'ನಾಯ್ಸ್ ಸಪ್ರೆಶನ್' ಸೇರಿಸಿ. ಆದರೆ ಖಾಲಿ ಕೋಣೆಯ ಪ್ರತಿಧ್ವನಿ ಅದರಿಂದ ಹೋಗುವುದಿಲ್ಲ. ಹಾಸಿಗೆ, ಕಿಟಕಿಯ ಪರದೆ, ಬಟ್ಟೆ ಇರುವ ಕೋಣೆಯಲ್ಲೇ ಕೂತುಕೊಳ್ಳಿ. ಬೆಂಗಳೂರಲ್ಲಿ ಪಕ್ಕದ ಸೈಟಿನ ಡ್ರಿಲ್ಲಿಂಗ್, ಬೀದಿಯ ಹಾರ್ನ್, ಕುಕ್ಕರ್ ಕೂಗು ಎಲ್ಲ ಶುರುವಾಗುವ ಮೊದಲು, ಬೆಳಗಿನ ಜಾವದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಎಡಿಟಿಂಗ್‌ಗೆ ಶಾಟ್‌ಕಟ್ ಸಾಕು, ಅದೂ ಉಚಿತ. ಡಾವಿಂಚಿ ರಿಸಾಲ್ವ್ ಅದ್ಭುತವಾದ ಸಾಫ್ಟ್‌ವೇರ್, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ. ನಿಮ್ಮ 8 ಜಿಬಿಗೆ ಅದು ಭಾರ. ಶಾಟ್‌ಕಟ್‌ನಲ್ಲಿ ವಿಡಿಯೊವನ್ನು ಟೈಮ್‌ಲೈನ್ (ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಮೇಲೆ ಎಳೆದಿಟ್ಟರೆ ಕೆಳಗೆ ದನಿಯ ಅಲೆ ಕಾಣುತ್ತದೆ. ನೀವು ತಡವರಿಸಿ ನಿಂತ ಕಡೆ ಅಲೆ ಮಟ್ಟಸವಾಗಿರುತ್ತದೆ. ಅದರ ಎರಡು ತುದಿಯಲ್ಲೂ 'ಎಸ್' ಕೀ ಒತ್ತಿದರೆ ತುಂಡಾಗುತ್ತದೆ. ನಡುವಿನ ತುಂಡನ್ನು ಆರಿಸಿ 'ಎಕ್ಸ್' ಒತ್ತಿದರೆ ಅದು ಹೋಗಿ, ಹಿಂದಿನದು ಮುಂದಿನದು ತಾನಾಗಿ ಕೂಡಿಕೊಳ್ಳುತ್ತದೆ. ಮೊದಮೊದಲು ಇಷ್ಟು ಕಲಿತರೆ ಸಾಕು. ಮಾತಲ್ಲಿ ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಂದು ಉಸಿರು ಬಿಟ್ಟು ಆ ವಾಕ್ಯವನ್ನೇ ಮತ್ತೆ ಹೇಳಿ, ಆಮೇಲೆ ಕತ್ತರಿಸಬಹುದು.

ಒಂದು ಎಚ್ಚರ: ಶಾಟ್‌ಕಟ್‌ನ ಪ್ರಾಜೆಕ್ಟ್ ಫೈಲಿನಲ್ಲಿ ನಿಮ್ಮ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿವರವಷ್ಟೇ ಇರುತ್ತದೆ. ಕೆಲಸ ಮುಗಿದು ಎಕ್ಸ್‌ಪೋರ್ಟ್ ಆಗುವವರೆಗೆ, ಅಂದರೆ ಸಿದ್ಧ ವಿಡಿಯೊ ಬೇರೆ ಫೈಲಾಗಿ ಹೊರಬರುವವರೆಗೆ, ಮೂಲ ಫೈಲ್ ಅಳಿಸಬೇಡಿ, ಬೇರೆ ಫೋಲ್ಡರ್‌ಗೂ ಹಾಕಬೇಡಿ.

ಪ್ರಶ್ನೆ: ಡೆಸ್ಕ್‌ಟಾಪ್‌ನಲ್ಲಿ ರೆಕಾರ್ಡ್ ಮಾಡುವಾಗ ಕರೆಂಟ್ ಹೋಯ್ತು. ಎಂಪಿ4 ಫೈಲ್ ತೆರೆಯುತ್ತಲೇ ಇಲ್ಲ.
– ಓದುಗರು, ಯಶವಂತಪುರ

ಉತ್ತರ: ಸಾಮಾನ್ಯ ಎಂಪಿ4 ಫೈಲಿನ ಸೂಚಿ (ಒಳಗೆ ಯಾವುದು ಎಲ್ಲಿದೆ ಎಂಬ ಪಟ್ಟಿ) ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ. ಮಧ್ಯೆ ಕರೆಂಟ್ ಹೋದರೆ ಸೂಚಿಯೇ ಇಲ್ಲ, ಹಾಗಾಗಿ ಪ್ಲೇಯರ್‌ಗೆ ಏನೂ ತಿಳಿಯುವುದಿಲ್ಲ. ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಇನ್ನೊಂದು ಸರಿಯಾದ ಫೈಲ್ ಇದ್ದರೆ 'ಅನ್‌ಟ್ರಂಕ್' ಎಂಬ ಉಚಿತ ಸಾಧನ ಕೆಲವೊಮ್ಮೆ ಉಳಿಸಿಕೊಡುತ್ತದೆ, ಪ್ರಯತ್ನಿಸಿ. ಮುಂದಕ್ಕೆ ಒಬಿಎಸ್‌ನಲ್ಲಿ ರೆಕಾರ್ಡಿಂಗ್‌ಗೆ ಎಂಪಿ4 ಬದಲು ಎಂಕೆವಿ ಎಂಬ ಫೈಲ್ ಬಗೆ ಆರಿಸಿ. ಅದರಲ್ಲಿ ಕರೆಂಟ್ ಹೋಗುವವರೆಗಿನದ್ದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ 'ರೀಮಕ್ಸ್' ಒತ್ತಿದರೆ ಗುಣಮಟ್ಟ ಕೆಡದೆ ಎಂಪಿ4 ಆಗುತ್ತದೆ.

ಪ್ರಶ್ನೆ: 'ನುಡಿ' ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಶೀರ್ಷಿಕೆ ವಿಡಿಯೊ ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ.
– ಓದುಗರು, ವಿಜಯನಗರ

ಉತ್ತರ: ನೀವು ಹಳೆಯ, ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ಅಲ್ಲದ ವಿಧಾನದಲ್ಲಿ ಟೈಪ್ ಮಾಡಿದ್ದೀರಿ. ನುಡಿಯನ್ನು ಯೂನಿಕೋಡ್‌ಗೆ ಬದಲಿಸಿ ಮತ್ತೆ ಟೈಪ್ ಮಾಡಿ, ಎಡಿಟರ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಆರಿಸಿ. ಎಕ್ಸ್‌ಪೋರ್ಟ್‌ಗೆ ಮುಂಚೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. 'ಕ್ಷೇತ್ರಫಲ' ಅಂತ ಬರೆದು ನೋಡಿ, ಅದು ಸರಿಯಾಗಿ ಕಂಡರೆ ಉಳಿದದ್ದೂ ಬಹುಮಟ್ಟಿಗೆ ಸರಿ ಇರುತ್ತದೆ.