ಅಪ್ಪನಿಗೆ ನರ್ಸ್, ಮಗಳಿಗೆ ಟೀಚರ್, ನಡುವೆ ನಾನು

ಪ್ರಶ್ನೆ: ನನಗೆ 36 ವರ್ಷ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಒಂದು ವರ್ಷದಿಂದ ಭಾನುವಾರ ನಮ್ಮೂರ ಗ್ರಂಥಾಲಯದಲ್ಲಿ ಹತ್ತನೇ ತರಗತಿ ಮತ್ತು ಪ್ಲಸ್ ಟು (ಹನ್ನೆರಡನೇ ತರಗತಿ) ಮಕ್ಕಳಿಗೆ ಮುಂದೇನು ಓದಬಹುದೆಂದು ತಿಳಿಸಿಕೊಡುತ್ತೇನೆ. ಈಗ ಪ್ಲಸ್ ಟು ಸಯನ್ಸಿನ ಹುಡುಗಿಯೊಬ್ಬಳ ವಿಷಯದಲ್ಲಿ ಸಿಕ್ಕಿಬಿದ್ದಿದ್ದೇನೆ. ಅವಳಪ್ಪ ಮಂಗಳೂರಿನಲ್ಲಿ ನರ್ಸಿಂಗ್ ಸೀಟಿಗೆ ಏಜೆಂಟ್ ಹತ್ತಿರ ಮಾತಾಡಿದ್ದಾರೆ. ಜನವರಿಯಲ್ಲಿ 10,000 ರೂಪಾಯಿ ಅಡ್ವಾನ್ಸ್ ಕೊಡಬೇಕಂತೆ. "ನಿಮ್ಮ ಮಾತು ಕೇಳ್ತಾಳೆ, ನೀವೇ ಒಪ್ಪಿಸಿ" ಎಂದರು. ಅವಳು "ಅಕ್ಕಾ, ನಂಗೆ ಕನ್ನಡ ಶಾಲೆ ಟೀಚರ್ ಆಗ್ಬೇಕು, ಅಪ್ಪನತ್ರ ಹೇಳ್ಬೇಡಿ" ಎಂದು ಅತ್ತಳು. ನನ್ನ ಗಂಡ "ಊರ ಮಕ್ಕಳ ಉಸಾಬರಿ ನಿನಗ್ಯಾಕೆ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಪ್ಪನ ಪರ ವಕಾಲತ್ತೂ ಬೇಡ, ಮಗಳ ಪರವೂ ಬೇಡ. ಅಪ್ಪನಿಗೆ ಇಷ್ಟು ಹೇಳಿ: "ಒಪ್ಪಿಸುವುದು ನನ್ನ ಕೆಲಸವಲ್ಲ. ಯಾವ ದಾರಿಗೆ ಎಷ್ಟು ಖರ್ಚು, ಯಾವಾಗ ಅರ್ಜಿ ಅಂತ ಮೂವರೂ ಕೂತು ನೋಡೋಣ." ಮಗಳ ಗುಟ್ಟನ್ನು ನೀವಾಗಿ ಒಡೆಯಬೇಡಿ. ಆದರೆ ಆ ಗುಟ್ಟಿಗೆ ಜನವರಿಯ ಗಡುವು ಇದೆ ಎಂಬುದನ್ನು ಅವಳಿಗೆ ಸ್ಪಷ್ಟವಾಗಿ ಹೇಳಿ. ದುಡ್ಡು ಕೈಬಿಟ್ಟ ಮೇಲೆ ಬಾಯಿಬಿಟ್ಟರೆ ಮಾತು ಜಗಳವಾಗುತ್ತದೆ. ಅಪ್ಪನೆದುರು ಅವಳೇ ಮಾತು ತೆಗೆಯಲಿ, ನೀವು ಪಕ್ಕದಲ್ಲಿರಿ. ಏನು ಹೇಳಬೇಕೆಂದು ಮೊದಲೇ ನಾಲ್ಕು ಸಾಲು ಬರೆದುಕೊಂಡರೆ ನಾಲಗೆ ತಡವರಿಸುವುದಿಲ್ಲ.

ಇನ್ನು ಮುಂದೆ ಯಾವ ಮಗುವಿಗೂ "ಯಾರಿಗೂ ಹೇಳುವುದಿಲ್ಲ" ಎಂದು ಮೊದಲೇ ಮಾತು ಕೊಡಬೇಡಿ. ಹೊಡೆತ, ಲೈಂಗಿಕ ಕಿರುಕುಳ, ಜೀವ ಕಳೆದುಕೊಳ್ಳುವ ಮಾತು, 18 ತುಂಬುವ ಮೊದಲೇ ಮದುವೆಯ ಸಿದ್ಧತೆ, ಇಂಥವನ್ನು ಮುಚ್ಚಿಡುವ ಹಾಗಿಲ್ಲ. ಶಾಲೆಗೆ ತಿಳಿಸಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈಗ ಅವಸರವಾಗಿ ನೋಡಬೇಕಾದ್ದು ಏಜೆಂಟನ ವಿಷಯ. ಗಡಿಯಾಚೆ ಸೀಟು ಕೊಡಿಸುವವರ ವ್ಯವಹಾರದಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ಒರಿಜಿನಲ್ ಸರ್ಟಿಫಿಕೇಟ್. ಎಸ್ಸೆಸ್ಸೆಲ್ಸಿ, ಪ್ಲಸ್ ಟು, ಟಿ.ಸಿ. ಅವರ ಬ್ಯಾಗಿಗೆ ಸೇರಿದರೆ, ಹುಡುಗಿಗೆ ಬೇರೆಡೆ ಸೀಟು ಸಿಕ್ಕರೂ ಸೇರಿಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ. ವಾಪಸ್ ಕೇಳಿದಾಗ "ಪೂರ್ತಿ ಫೀಸು ಕಟ್ಟಿ" ಎಂಬ ಉತ್ತರ ಬರುತ್ತದೆ. ಜೆರಾಕ್ಸ್ ಮಾತ್ರ ಕೊಡಲಿ. ಎರಡು, ರಶೀದಿ. ಏಜೆಂಟನ ಕೈಬರಹದ ಚೀಟಿಗೆ ಬೆಲೆಯಿಲ್ಲ. ದುಡ್ಡು ಕಾಲೇಜಿನ ಖಾತೆಗೆ ಹೋಗಬೇಕು, ರಶೀದಿ ಕಾಲೇಜಿನ ಹೆಸರಲ್ಲಿ ಬರಬೇಕು. ಕಾಲೇಜಿನ ಹೆಸರನ್ನೇ ಹೇಳದೆ ಅಡ್ವಾನ್ಸ್ ಕೇಳುವವರಿದ್ದಾರೆ; ಅಂಥವರಿಗೆ ಚಹಾ ಕೊಟ್ಟು ಕಳಿಸಿದರೆ ಸಾಕು.

ಹೆಸರು ಸಿಕ್ಕರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ಕಾಲೇಜು ಇದೆಯೇ ನೋಡಿ. ಕೋರ್ಸ್ ಬಿಎಸ್ಸಿಯೋ ಜಿಎನ್‌ಎಮ್ಮೋ ಕೇಳಿ. ಬಿಎಸ್ಸಿ ನರ್ಸಿಂಗ್ 4 ವರ್ಷದ ಪದವಿ, ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಓದಿರಲೇಬೇಕು. ಜಿಎನ್‌ಎಂ 3 ವರ್ಷದ ಡಿಪ್ಲೊಮಾ. "ನರ್ಸಿಂಗ್" ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಮುಗಿಸಿಬಿಡುತ್ತಾರೆ. ಫೀಸು ಮೊದಲ ವರ್ಷದ್ದಲ್ಲ, ಪೂರ್ತಿ ಕೋರ್ಸಿನದು ಬರೆದು ಕೊಡಲಿ: ಟ್ಯೂಷನ್ ಫೀಸು, ಹಾಸ್ಟೆಲ್, ಮೆಸ್, ಯೂನಿಫಾರ್ಮ್, ಪರೀಕ್ಷಾ ಶುಲ್ಕ, ಆಸ್ಪತ್ರೆಗೆ ಹೋಗಿಬರುವ ಬಸ್ಸು.

ಏಜೆಂಟನಿಲ್ಲದ ದಾರಿಗಳೂ ಇವೆಯೆಂದು ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ. ಕೇರಳದಲ್ಲಿ ಬಿಎಸ್ಸಿ ನರ್ಸಿಂಗ್ ಅರ್ಜಿ ಸರ್ಕಾರಿ ಸಂಸ್ಥೆಯಾದ ಎಲ್‌ಬಿಎಸ್ ಸೆಂಟರ್ ಮೂಲಕ, ಪ್ಲಸ್ ಟು ಅಂಕದ ಮೇಲೆ. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರವೇಶ ಪರೀಕ್ಷೆ ಸಿಇಟಿ. ಅಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ನಿಯಮವೇ ಇದೆ: ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಕಾಸರಗೋಡು, ಹೊಸದುರ್ಗ ಮುಂತಾದ ಗಡಿ ತಾಲೂಕುಗಳಲ್ಲಿ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಓದಿರಬೇಕು, ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ನಮ್ಮ ಮಕ್ಕಳಿಗೆ ಇದು ತಪ್ಪಿಹೋಗುವುದು ಅಂಕ ಕಮ್ಮಿಯಾಗಿ ಅಲ್ಲ, ಅರ್ಜಿಯ ತಾರೀಕು ತಿಳಿಯದೆ. ಸಿಇಟಿ ಅರ್ಜಿ ಸಾಮಾನ್ಯವಾಗಿ ಪ್ಲಸ್ ಟು ಪರೀಕ್ಷೆಗೂ ಮೊದಲೇ ಮುಗಿಯುತ್ತದೆ. ರಿಸಲ್ಟ್ ಬಂದ ಮೇಲೆ ವಿಚಾರಿಸಿದರೆ ಏಜೆಂಟನೇ ಗತಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯಲ್ಲಿ ಈಗಲೇ ಹೇಳಿಡಿ.

ಟೀಚರ್ ಆಗುವ ದಾರಿಯನ್ನೂ ಹುಡುಗಿಗೆ ಸಿಹಿ ಮಾಡಿ ಹೇಳಬೇಡಿ. ಕೆಳಗಿನ ತರಗತಿಗಳಿಗೆ 2 ವರ್ಷದ ಶಿಕ್ಷಕ ತರಬೇತಿ ಡಿ.ಎಲ್.ಎಡ್., ಆಮೇಲೆ ಕೆ-ಟೆಟ್ ಎಂಬ ಶಿಕ್ಷಕ ಅರ್ಹತಾ ಪರೀಕ್ಷೆ, ಆಮೇಲೆ ಸರ್ಕಾರಿ ನೇಮಕಾತಿಗೆ ಪಿಎಸ್‌ಸಿ. ಹೈಸ್ಕೂಲಿಗಾದರೆ ಪದವಿ, ಬಿ.ಎಡ್., ಮತ್ತೆ ಕೆ-ಟೆಟ್. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಬಿಎ ಇದೆ. 2024ರಿಂದ ಪದವಿ 4 ವರ್ಷದ್ದಾಗಿದೆ, 3ಕ್ಕೆ ಮುಗಿಸಿ ಹೊರಬರಲೂಬಹುದು. ಕನ್ನಡ ಮಾಧ್ಯಮದ ಟೀಚರ್ ಹುದ್ದೆಗಳಿಗೆ ಪಿಎಸ್‌ಸಿ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ, ಕಾಂಪಿಟೀಷನ್ ಊರಿನವರೊಳಗೇ. ಆದರೆ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದರೂ ನೇಮಕಕ್ಕೆ ವರ್ಷಗಟ್ಟಲೆ ಕಾಯಬೇಕಾಗಬಹುದು, ಅಲ್ಲಿಯವರೆಗೆ ದಿನಗೂಲಿ ಮೇಷ್ಟರಿಕೆ. ಬೇಗ ಸಂಬಳ ಕೈಸೇರುವುದು ನರ್ಸಿಂಗ್‌ನಲ್ಲೇ. ಅಪ್ಪ ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ. (ಟೀಚರ್ ಆಗದಿದ್ದರೆ ಕನ್ನಡ ಮತ್ತು ಮಲಯಾಳ ಬಲ್ಲವರ ಕ್ಲರ್ಕ್ ಹುದ್ದೆಗಳೂ ಈ ಜಿಲ್ಲೆಯಲ್ಲಿವೆ. ಮಲಯಾಳ ಓದಲು ಬರೆಯಲು ಈಗಲೇ ಕಲಿತಿರಲಿ.)

ಭಾನುವಾರ ಒಂದು ಅಗಲ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ದಾರಿಗಳು: ಏಜೆಂಟನ ಸೀಟು, ಎಲ್‌ಬಿಎಸ್, ಸಿಇಟಿ, ಡಿ.ಎಲ್.ಎಡ್., ಬಿಎ. ಅಡ್ಡಕ್ಕೆ ಅರ್ಹತೆ, ಅರ್ಜಿಯ ತಾರೀಕು, ಒಟ್ಟು ಖರ್ಚು, ಉಳಿಯುವುದೆಲ್ಲಿ, ಮೊದಲ ಸಂಬಳ ಯಾವಾಗ. ಹುಡುಗಿಯ ಕೈಯಲ್ಲೇ ಬರೆಸಿ. ಅಪ್ಪ ಖರ್ಚಿನ ಕಾಲಮ್ ತುಂಬಿಸಲಿ, ಬ್ಯಾಂಕಿನವರಾದ ನೀವು ಕೂಡಿಸಿ ತೋರಿಸಿ. ಮೊದಲ ದಿನ ಹಾಳೆಯ ಅರ್ಧ ಖಾಲಿಯೇ ಇರುತ್ತದೆ. ಅದನ್ನು ತುಂಬಿಸುವುದು ಒಂದು ವಾರದ ಮನೆಕೆಲಸ. ಆಯ್ಕೆಗೆ ಟಿಕ್ ಹಾಕುವ ಪೆನ್ನು ಮಾತ್ರ ನಿಮ್ಮ ಕೈಗೆ ಬರಬಾರದು, ಅವರೇ ಕೊಟ್ಟರೂ.

ಗಂಡನ ಗೊಣಗಾಟದಲ್ಲಿ ಒಂದು ಅಂಶ ಸರಿ: ಮಿತಿ ಬೇಕು. ಒಂದು ವರ್ಷಕ್ಕೆ ಐದಾರು ಮಕ್ಕಳು ಸಾಕು. ಭೇಟಿ ಗ್ರಂಥಾಲಯದಲ್ಲೇ, ಬಾಗಿಲು ತೆರೆದೇ ಇರಲಿ, ಮನೆಯವರ ಒಪ್ಪಿಗೆ ಇರಲಿ. ರಾತ್ರಿ ಎಂಟರ ಮೇಲೆ ವಾಟ್ಸಾಪ್ ಬೇಡ. ಫೀಸಿಗೆ ಕೈಸಾಲ ಕೊಡಬೇಡಿ, ಸಾಲಕ್ಕೆ ಜಾಮೀನೂ ನಿಲ್ಲಬೇಡಿ.

ಜನವರಿಯೊಳಗೆ ಏಜೆಂಟ್ ಮತ್ತೆ ಫೋನ್ ಮಾಡೇ ಮಾಡುತ್ತಾನೆ, "ಸೀಟು ಎರಡೇ ಉಳಿದಿದೆ" ಎನ್ನುತ್ತಾನೆ. ಕಾಲೇಜಿನ ಹೆಸರು ಮತ್ತು ಪೂರ್ತಿ ಕೋರ್ಸಿನ ಫೀಸು ಕಾಗದದಲ್ಲಿ ಕಳಿಸಿ ಎಂದು ಅಪ್ಪ ಹೇಳಲಿ. ಅದು ಬಂದ ದಿನವೇ ಹಾಳೆಯ ಮೊದಲ ಸಾಲು ತುಂಬಿಸಿ.