ಡಬ್ಬದ ತಳದಲ್ಲಿರೋ ಕಾರ್ಡುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮ್ಯಾಜಿಕ್ ದಿ ಗ್ಯಾದರಿಂಗ್ ಬಗ್ಗೆ ಕೇಳಿದ್ದೇ ಜಾಸ್ತಿ, ಅದ್ರಲ್ಲೂ ಯಾರೂ ಕ್ಯಾರೇ ಅನ್ನದ ಕಾರ್ಡುಗಳ ಬಗ್ಗೆ, ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದೀನಿ. ಆಟ ಗೊತ್ತಿಲ್ಲದೋರಿಗೆ ಎರಡು ಮಾತು. ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತ ಓದಿದ ಮನುಷ್ಯ ಮಾಡಿದ ಆಟ ಇದು, 1993ರಲ್ಲಿ ಅಮೆರಿಕದಲ್ಲಿ ಬಂತು. ಇಬ್ಬರೂ 20 ಲೈಫ್ ಇಟ್ಕೊಂಡು ಶುರು ಮಾಡ್ತಾರೆ, ತಾವೇ ಆರಿಸಿ ಕಟ್ಟಿದ 60 ಕಾರ್ಡಿನ ಡೆಕ್ ಇರುತ್ತೆ, ಲ್ಯಾಂಡ್ ಅನ್ನೋ ಕಾರ್ಡುಗಳಿಂದ ಬರೋ ಮನಾ (ಐದು ಬಣ್ಣದ ಶಕ್ತಿ) ಖರ್ಚು ಮಾಡಿ ಬೇರೆ ಕಾರ್ಡ್ ಇಳಿಸ್ತಾರೆ, ಎದುರಿನವರ ಲೈಫ್ ಸೊನ್ನೆಗೆ ತಂದ್ರೆ ಗೆದ್ದಂಗೆ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಹಾಸ್ಟೆಲ್ ಬಿಟ್ಟು ಹೋಗುವಾಗ ಸೀನಿಯರ್ ಒಬ್ರು ಒಂದು ಡಬ್ಬ ತುಂಬಾ ಕಾರ್ಡ್ ಕೊಟ್ಟೋದ್ರು. ಫ್ರೆಂಡ್ಸ್ ನೋಡಿ ಎಲ್ಲಾ ವೇಸ್ಟ್ ಅಂತಾರೆ. ಯಾವುದು ನಿಜವಾಗ್ಲೂ ವೇಸ್ಟ್ ಅಂತ ಹೇಗೆ ಗೊತ್ತಾಗೋದು? (ಮೈಸೂರಿನ ಓದುಗ)

ಉತ್ತರ: ಒಂದನ್ನೂ ಎಸೀಬೇಡಿ ಮೊದ್ಲು. ಕಾರ್ಡ್ ಕೈಗೆ ತಗೊಂಡಾಗ ನಮ್ಮ ಕಣ್ಣು ಅದು ಏನು ಕಿತ್ಕೊಳ್ಳುತ್ತೆ ಅನ್ನೋ ಸಾಲಿನ ಮೇಲೇ ಹೋಗಿ ನಿಲ್ಲುತ್ತೆ, ಏನು ಕೊಡುತ್ತೆ ಅನ್ನೋದನ್ನ ಓದೋ ಹೊತ್ತಿಗೆ ಮನಸ್ಸು ಆಗ್ಲೇ ಬೇಡ ಅಂದಿರುತ್ತೆ. ಇದಕ್ಕೆ ನನಗೆ ಗೊತ್ತಿರೋ ಅತಿ ದೊಡ್ಡ ಉದಾಹರಣೆ ನೆಕ್ರೊಪೊಟೆನ್ಸ್. 1995ರ ಐಸ್ ಏಜ್ ಸೆಟ್‌ನಲ್ಲಿ (ಒಟ್ಟಿಗೆ ಬಿಡುಗಡೆಯಾಗೋ ಕಾರ್ಡುಗಳ ಕಂತು) ಬಂತು, ಮೂರು ಕಪ್ಪು ಮನಾ. ಇಳಿಸಿದ ಮೇಲೆ ಪ್ರತಿ ಸರದಿಗೆ ಸಿಗೋ ಒಂದು ಕಾರ್ಡ್ ನಿಮಗೆ ಸಿಗಲ್ಲ, ಅದರ ಬದಲು ಒಂದು ಲೈಫ್ ಕೊಟ್ರೆ ಒಂದು ಕಾರ್ಡ್, ಎಷ್ಟು ಬೇಕೋ ಅಷ್ಟು ಸಲ, ಸರದಿಯ ಕೊನೆಗೆ ಅಷ್ಟೂ ಕೈಗೆ ಬರುತ್ತೆ. ಬಂದಾಗ ಎಷ್ಟೋ ಜನ ಇದನ್ನ ಕೆಟ್ಟ ಕಾರ್ಡ್ ಅಂತಾನೇ ಅಂದ್ಕೊಂಡ್ರು, ಕಾರ್ಡೂ ಬರಲ್ಲ ಲೈಫೂ ಹೋಗುತ್ತೆ ಯಾರಿಗೆ ಬೇಕು ಅಂತ. ಮುಂದಿನ ವರ್ಷ 1996ರ ಬೇಸಿಗೆಯಲ್ಲಿ ಟೂರ್ನಮೆಂಟ್‌ಗೆ ಹೋದ್ರೆ ಎಲ್ಲಿ ನೋಡಿದ್ರೂ ಅದೇ ಡೆಕ್, ಆ ಕಾಲವನ್ನ ಆಟಗಾರರು ಇವತ್ತಿಗೂ ಬ್ಲ್ಯಾಕ್ ಸಮ್ಮರ್ ಅಂತ ಕರೀತಾರೆ.

ಯಾಕೆ ಹಾಗಾಯ್ತು ಅಂತ ತಿಳೀಬೇಕಾದ್ರೆ 1993ರ ಮೊದಲ ಸೆಟ್‌ಗೇ ಹೋಗಬೇಕು. ಅದ್ರಲ್ಲಿ ಬಣ್ಣಕ್ಕೊಂದರಂತೆ ಐದು ಕಾರ್ಡ್ ಇವೆ, ಎಲ್ಲಾನೂ ಒಂದು ಮನಾಗೆ ಮೂರು ಏನಾದ್ರೂ ಕೊಡೋವು. ಬಿಳಿಯ ಹೀಲಿಂಗ್ ಸಾಲ್ವ್ ಮೂರು ಲೈಫ್ ಕೊಡುತ್ತೆ, ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಡ್ಯಾಮೇಜ್ ಮಾಡುತ್ತೆ, ನೀಲಿಯ ಆನ್ಸೆಸ್ಟ್ರಲ್ ರೀಕಾಲ್ ಮೂರು ಕಾರ್ಡ್ ಕೊಡುತ್ತೆ. ಬೆಲೆ ಒಂದೇ, ಸಂಖ್ಯೆನೂ ಒಂದೇ. ಆದ್ರೆ ಹೀಲಿಂಗ್ ಸಾಲ್ವ್‌ನ ಈಗ ಯಾರೂ ಮುಟ್ಟಲ್ಲ, ಆನ್ಸೆಸ್ಟ್ರಲ್ ರೀಕಾಲ್ ಪವರ್ ನೈನ್ ಅಂತ ಕರೆಯೋ ಒಂಬತ್ತು ಅತಿ ಬಲದ ಕಾರ್ಡುಗಳಲ್ಲಿ ಒಂದು. ಅಂದ್ರೆ ಮೂರು ಲೈಫ್‌ಗೂ ಮೂರು ಕಾರ್ಡ್‌ಗೂ ತೂಕದಲ್ಲಿ ಅಜಗಜಾಂತರ, ನೆಕ್ರೊಪೊಟೆನ್ಸ್ ಒಂದಕ್ಕೊಂದು ಲೆಕ್ಕದಲ್ಲಿ ಅಗ್ಗದ್ದನ್ನ ತಗೊಂಡು ದುಬಾರಿದನ್ನ ಕೊಡ್ತಿತ್ತು. ಇಪ್ಪತ್ತರಲ್ಲಿ ಕೊನೇ ಒಂದು ಲೈಫ್ ಉಳಿದ್ರೂ ನೀವಿನ್ನೂ ಸೋತಿಲ್ಲ ನೋಡಿ. ಇಸ್ಪೀಟಲ್ಲಿ ಇಪ್ಪತ್ತೆಂಟು ಆಡೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಅಲ್ಲಿ ಗುಲಾಮ ಮೂರು ಪಾಯಿಂಟು, ರಾಜ ರಾಣಿಗೆ ಏನೂ ಇಲ್ಲ, ಬೇರೆ ಆಟದ ರೂಢಿಯಲ್ಲಿ ಬಂದು ಕೂತೋರು ರಾಜನ್ನ ಹಿಡ್ಕೊಂಡು ಗುಲಾಮನ್ನ ಕಳ್ಕೊತಾರೆ.

ಇನ್ನೊಂದು ಹೇಳಿಬಿಡ್ತೀನಿ, ಸ್ಕಲ್‌ಕ್ಲ್ಯಾಂಪ್. 2004ರ ಡಾರ್ಕ್‌ಸ್ಟೀಲ್ ಸೆಟ್, ಇಳಿಸೋಕೆ ಒಂದು ಮನಾ, ಕ್ರೀಚರ್‌ಗೆ, ಅಂದ್ರೆ ನಿಮ್ಮ ಪರ ಹೊಡೆದಾಡೋ ಕಾರ್ಡ್‌ಗೆ, ತೊಡಿಸೋಕೆ ಇನ್ನೊಂದು. ತೊಟ್ಟ ಕ್ರೀಚರ್‌ಗೆ ಹೊಡೆಯೋ ಬಲ ಒಂದು ಜಾಸ್ತಿ, ತಡ್ಕೊಳ್ಳೋ ಬಲ ಒಂದು ಕಮ್ಮಿ, ಅದು ಸತ್ರೆ ನಿಮಗೆ ಎರಡು ಕಾರ್ಡ್. ಆ ಮೈನಸ್ ಒಂದನ್ನ ಕಂಪನಿಯವರು ತಯಾರಿಯ ಕೊನೇ ಹಂತದಲ್ಲಿ ಸೇರಿಸಿದ್ರು, ಅದರ ಪರಿಣಾಮ ಅವರ ಕಣ್ಣಿಗೂ ಬೀಳಲಿಲ್ಲ. ಆದ್ರೆ ತಡ್ಕೊಳ್ಳೋ ಬಲ ಒಂದೇ ಒಂದು ಇರೋ ಚಿಲ್ಲರೆ ಕ್ರೀಚರ್‌ಗೆ ತೊಡಿಸಿದ್ರೆ ತಕ್ಷಣ ಸಾಯುತ್ತೆ, ಒಂದು ಮನಾಗೆ ಎರಡು ಕಾರ್ಡ್, ಮತ್ತೆ ಇನ್ನೊಂದಕ್ಕೆ ತೊಡ್ಸಿ, ಮತ್ತೆ ಎರಡು. ಫೆಬ್ರವರಿಯಲ್ಲಿ ಬಂದದ್ದು ಜೂನ್‌ನಲ್ಲಿ ಸ್ಟ್ಯಾಂಡರ್ಡ್ ಅನ್ನೋ ಫಾರ್ಮ್ಯಾಟ್‌ನಿಂದ (ಯಾವ ಕಾರ್ಡ್ ಹಾಕಬಹುದು ಅಂತ ಹೇಳೋ ಆಟದ ಬಗೆ) ಬ್ಯಾನ್ ಆಯ್ತು, ಅದೂ ಅನ್‌ಕಾಮನ್ ಕಾರ್ಡು, ಅಂದ್ರೆ ಸುಲಭವಾಗಿ ಸಿಗೋ ಕಾಮನ್‌ಗೂ ಅಪರೂಪದ ರೇರ್‌ಗೂ ಮಧ್ಯದ್ದು.

ಪ್ರಶ್ನೆ: ನಮ್ ದೋಸ್ತ ರೇಟ್ ಭಾಳ ಇದ್ರ ಕಾರ್ಡ್ ಚಲೋ, ಕಡಿಮಿ ಇದ್ರ ಸುಮ್ನ ಅಂತಾನ್ರಿ. ಖರೆ ಏನ್ರಿ ಸರ? (ಹುಬ್ಬಳ್ಳಿಯ ಓದುಗ)

ಉತ್ತರ: ಪೂರ್ತಿ ಖರೆ ಅಲ್ರಿ. ಟಾರ್ಮೊಗಾಯ್ಫ್ ಅಂತ ಹಸಿರು ಕ್ರೀಚರ್, 2007ರ ಫ್ಯೂಚರ್ ಸೈಟ್, ಎರಡೇ ಮನಾ. ಎಲ್ಲರ ಗ್ರೇವ್‌ಯಾರ್ಡ್‌ಗಳಲ್ಲಿ (ಬಳಸಿದ, ಸತ್ತ ಕಾರ್ಡ್ ಹಾಕೋ ಗುಡ್ಡೆ) ಎಷ್ಟು ಬಗೆಯ ಕಾರ್ಡ್ ಬಿದ್ದಿದೆಯೋ ಅಷ್ಟು ದೊಡ್ಡದಾಗುತ್ತೆ. ಬಂದ ಹೊಸದರಲ್ಲಿ ಪುಡಿಗಾಸಿಗೆ ಸಿಗ್ತಿತ್ತು, ಯಾಕಂದ್ರೆ ಕಾರ್ಡ್ ಮೇಲೆ ನಂಬರ್ ಇರೋ ಜಾಗದಲ್ಲಿ ನಕ್ಷತ್ರ ಚಿಹ್ನೆ, ಕಣ್ಣಿಗೆ ಏನೂ ಕಾಣಲ್ಲ. ಆಡಿ ನೋಡಿದ್ಮೇಲೆ ಎರಡು ಮನಾಗೆ ಹೊಡೆಯೋ ಬಲ ನಾಕು, ತಡ್ಕೊಳ್ಳೋ ಬಲ ಐದರ ಕ್ರೀಚರ್ ಸಲೀಸಾಗಿ ಬರುತ್ತೆ ಅಂತ ಗೊತ್ತಾಗಿ, ಮುಂದೆ 100 ಡಾಲರ್ ದಾಟ್ತು. ಆಮೇಲೆ 2017ರಲ್ಲಿ ಫೇಟಲ್ ಪುಶ್ ಅನ್ನೋ ಒಂದೇ ಮನಾದ ಕಾರ್ಡ್ ಬಂದು ಇದನ್ನ ಸುಲಭವಾಗಿ ಕೊಲ್ಲೋಕೆ ಶುರು ಮಾಡ್ತು, ಹೊಸ ಹೊಸ ಕ್ರೀಚರ್‌ಗಳೂ ಬಂದ್ವು, ರೇಟು ಇಳೀತು. ಕಾರ್ಡ್ ಮೇಲಿನ ಒಂದಕ್ಷರನೂ ಬದಲಾಗಿಲ್ಲ ನೋಡ್ರಿ ಈ ಮಧ್ಯೆ.

ಪ್ರಶ್ನೆ: ಕೈಯಲ್ಲಿರುವ ಕಾರ್ಡೆಲ್ಲ ಬಿಸಾಡಬೇಕು ಅಂತ ಬರೆದಿರುವ ಕಾರ್ಡ್ ಉಂಟಲ್ಲ, ಅದನ್ನು ಯಾರಾದರೂ ಆಡ್ತಾರಾ ಮಾರಾಯ್ರೆ? (ಮಂಗಳೂರಿನ ಓದುಗರು)

ಉತ್ತರ: ಆಡ್ತಾರೆ, ತುಂಬಾ ದುಡ್ಡು ಕೊಟ್ಟು ಕೊಂಡು ಆಡ್ತಾರೆ. ನೀವು ಹೇಳ್ತಿರೋದು 1996ರ ಮಿರಾಜ್ ಸೆಟ್‌ನ ಲಯನ್ಸ್ ಐ ಡೈಮಂಡ್ ಅನ್ಕೋತೀನಿ. ಇಳಿಸೋಕೆ ಖರ್ಚಿಲ್ಲ, ಅದನ್ನ ಬಲಿ ಕೊಟ್ಟು ಕೈಯಲ್ಲಿರೋದೆಲ್ಲ ಎಸೆದ್ರೆ ಒಂದೇ ಬಣ್ಣದ ಮೂರು ಮನಾ. ಎಲ್ಲಾ ಕಾರ್ಡ್ ಎಸೆದ್ಮೇಲೆ ಆ ಮನಾ ಇಟ್ಕೊಂಡು ಏನು ಮಾಡೋದು ಅಂತ ಜನ ಕೇಳಿದ್ದು ಸಹಜನೇ. ಹತ್ತು ವರ್ಷ ಆದ್ಮೇಲೆ 2006ರಲ್ಲಿ ಇನ್ಫರ್ನಲ್ ಟ್ಯೂಟರ್ ಬಂತು, ಕೈ ಖಾಲಿ ಇದ್ರೆ ಡೆಕ್‌ನಿಂದ ಬೇಕಾದ ಯಾವ ಕಾರ್ಡಾದ್ರೂ ಹುಡುಕಿ ತಗೋಬಹುದು. ಟ್ಯೂಟರ್ ಹಾಕಿ, ಅದು ಫಲ ಕೊಡೋ ಮುಂಚೆ ಡೈಮಂಡ್ ಒಡೆದು ಕೈ ಖಾಲಿ ಮಾಡ್ಕೊಂಡ್ರೆ ಹುಡುಕಿದ ಕಾರ್ಡೂ ಬಂತು, ಅದನ್ನ ಇಳಿಸೋಕೆ ಮನಾನೂ ರೆಡಿ. ಯಾವುದು ಶಾಪ ಅನ್ನಿಸ್ತಿತ್ತೋ ಅದೇ ಬೇಕಾಗಿದ್ದ ಷರತ್ತಾಯ್ತು. ಈ ಕಾರ್ಡನ್ನ ಮತ್ತೆ ಅಚ್ಚು ಹಾಕಲ್ಲ ಅಂತ ಕಂಪನಿ ಮಾತು ಕೊಟ್ಟಿರೋದ್ರಿಂದ ರೇಟು ಇಳಿಯೋದು ಕಷ್ಟ.

ಡಾರ್ಕ್ ಡೆಪ್ತ್ಸ್ ಕಥೆನೂ ಇದೇ ಜಾತಿದು, ನನಗೆ ತುಂಬಾ ಇಷ್ಟ. 2006ರ ಕೋಲ್ಡ್‌ಸ್ನ್ಯಾಪ್‌ನ ಲ್ಯಾಂಡ್, ಹತ್ತು ಐಸ್ ಕೌಂಟರ್ (ಎಣಿಕೆಗೆ ಇಡೋ ಬಿಲ್ಲೆ) ಹೊತ್ಕೊಂಡು ಬರುತ್ತೆ, ಒಂದೊಂದು ತೆಗೆಯೋಕೆ ಮೂರು ಮನಾ, ಎಲ್ಲಾ ಕರಗಿದ್ರೆ 20/20ರ ಹಾರೋ ದೈತ್ಯ ಮೇರಿಟ್ ಲೇಜ್ ಎದ್ದು ಬರುತ್ತೆ. 30 ಮನಾ ಹೊಂದಿಸೋ ಹೊತ್ತಿಗೆ ಆಟ ಮುಗಿದಿರುತ್ತೆ ಅಂತ ಬದಿಗಿಟ್ಟಿದ್ರು. 2009ರಲ್ಲಿ ವ್ಯಾಂಪೈರ್ ಹೆಕ್ಸ್‌ಮೇಜ್ ಬಂತು, ಎರಡು ಮನಾದ ಕ್ರೀಚರ್, ತನ್ನನ್ನೇ ಬಲಿ ಕೊಟ್ಟು ಒಂದು ಕಾರ್ಡ್ ಮೇಲಿನ ಎಲ್ಲಾ ಕೌಂಟರ್ ಒಂದೇ ಸಲಕ್ಕೆ ತೆಗೆಯುತ್ತೆ. ಮೂವತ್ತು ಮನಾದ ಕೆಲಸ ಎರಡಕ್ಕೆ ಇಳೀತು. ಮಾಡರ್ನ್ ಫಾರ್ಮ್ಯಾಟ್‌ನಲ್ಲಿ ಡಾರ್ಕ್ ಡೆಪ್ತ್ಸ್ ಶುರುವಿಂದಲೇ ಬ್ಯಾನ್.

ಪ್ರಶ್ನೆ: ಲ್ಯಾಂಟರ್ನ್ ಆಫ್ ಇನ್‌ಸೈಟ್ ನಾಲ್ಕು ಇದೆ. ಕೊಟ್ಬಿಡ್ಲಾ? (ಬೆಂಗಳೂರಿನ ಓದುಗರು)

ಉತ್ತರ: ಇಟ್ಕೊಳ್ಳಿ. ಇಬ್ಬರ ಡೆಕ್‌ನ ಮೇಲಿನ ಕಾರ್ಡ್ ಎಲ್ಲರಿಗೂ ಕಾಣೋ ಹಾಗೆ ಮಾಡೋದೇ ಇದರ ಮುಖ್ಯ ಕೆಲಸ, ಒಂಟಿಯಾಗಿ ಹೆಚ್ಚೇನೂ ಮಾಡಲ್ಲ. ಪಕ್ಕದಲ್ಲಿ ಕೋಡೆಕ್ಸ್ ಶ್ರೆಡರ್ ಇದ್ರೆ ಎದುರಿನವರಿಗೆ ಒಳ್ಳೆ ಕಾರ್ಡ್ ಬರ್ತಿದೆ ಅಂತ ಕಂಡ ತಕ್ಷಣ ಅದನ್ನ ಗ್ರೇವ್‌ಯಾರ್ಡ್‌ಗೆ ತಳ್ಳಬಹುದು, ಎನ್ಸ್ನೇರಿಂಗ್ ಬ್ರಿಡ್ಜ್ ಇದ್ರೆ ಅವರ ದೊಡ್ಡ ಕ್ರೀಚರ್‌ಗಳು ದಾಳಿಗೇ ಬರಲ್ಲ. ಇದೇ ಡೆಕ್ ಹಿಡ್ಕೊಂಡು ಅರ್ಜೆಂಟೀನಾದ ಲೂಯಿಸ್ ಸಾಲ್ವಾಟೊ 2018ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಪ್ರೊ ಟೂರ್ ಗೆದ್ರು.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಕೊಟ್ಟ ಪಾಕೆಟ್ ಮನಿ ಎಲ್ಲಾ ಈ ಪ್ಯಾಕಿಗೇ ಸುರಿತಾನೆ, ಬೇಡ ಅಂದ್ರೆ ಮುಖ ಊದಿಸ್ಕೋತಾನೆ. ಕಮ್ಮಿ ದುಡ್ಡಲ್ಲಿ ಆಡೋಕೆ ಆಗಲ್ವಾ? (ದಾವಣಗೆರೆಯ ಒಬ್ಬ ತಾಯಿ)

ಉತ್ತರ: ಆಗುತ್ತೆ ಮೇಡಂ, ಆಟ ನಿಲ್ಲಿಸೋದೇನೂ ಬೇಡ, ಓದೋದು ಲೆಕ್ಕ ಹಾಕೋದು ತುಂಬಾ ಇದೆ ಇದ್ರಲ್ಲಿ. ಮುಚ್ಚಿದ ಪ್ಯಾಕ್ ಕೊಳ್ಳೋದು ನಿಲ್ಲಿಸಿ ಬೇಕಾದ ಕಾರ್ಡನ್ನ ಬಿಡಿಯಾಗಿ ಕೊಳ್ಳೋಕೆ ಹೇಳಿ, ಏನು ಬರುತ್ತೋ ಅನ್ನೋ ಆಸೆಗೆ ಹೋಗೋ ದುಡ್ಡು ಅಲ್ಲೇ ಉಳಿಯುತ್ತೆ. ಇನ್ನೊಂದು, ಪಾಪರ್ ಅನ್ನೋ ಫಾರ್ಮ್ಯಾಟ್ ಇದೆ, 2019ರಿಂದ ಕಾಗದದ ಕಾರ್ಡಲ್ಲಿ ಆಡೋಕೂ ಕಂಪನಿನೇ ಅಧಿಕೃತ ಮಾಡಿದೆ. ಕಾಮನ್ ಆಗಿ ಅಚ್ಚಾದ ಕಾರ್ಡ್ ಮಾತ್ರ ಹಾಕಬೇಕು, ರೇರ್‌ಗೆ ಜಾಗನೇ ಇಲ್ಲ, ಬೇರೆಯವರು ಡಬ್ಬಕ್ಕೆ ಹಾಕಿಟ್ಟಿರೋ ಕಾರ್ಡುಗಳೇ ಅಲ್ಲಿ ನಾಯಕರು.

ಮಗನಿಗೆ ಎರಡು ಕಾರ್ಡ್ ಹೆಸರು ಹೇಳಿ, ಮಲ್‌ಡ್ರಿಫ್ಟರ್ ಮತ್ತೆ ಎಫೆಮೆರೇಟ್. ಮಲ್‌ಡ್ರಿಫ್ಟರ್‌ಗೆ ಐದು ಮನಾ, ಬಂದಾಗ ಎರಡು ಕಾರ್ಡ್ ಕೊಡುತ್ತೆ. ಇವೋಕ್ ಅಂತ ಮೂರೇ ಮನಾ ಕೊಟ್ಟೂ ಇಳಿಸಬಹುದು, ಆಗ ಎರಡು ಕಾರ್ಡ್ ಕೊಟ್ಟು ತಕ್ಷಣ ಸಾಯುತ್ತೆ. ಸಾಯೋ ಮುಂಚೆ ಒಂದು ಮನಾದ ಎಫೆಮೆರೇಟ್ ಹಾಕಿದ್ರೆ ಅದು ಒಂದು ಕ್ಷಣ ಆಟದಿಂದ ಆಚೆ ಹೋಗಿ ಹೊಸದಾಗಿ ವಾಪಸ್ ಬರುತ್ತೆ, ಮತ್ತೆ ಎರಡು ಕಾರ್ಡ್, ಈ ಸಲ ಸಾಯಲ್ಲ. ಎಫೆಮೆರೇಟ್‌ಗೆ ರೀಬೌಂಡ್ ಇರೋದ್ರಿಂದ ಮುಂದಿನ ಸರದಿಯ ಶುರುವಲ್ಲಿ ಪುಕ್ಕಟೆ ಇನ್ನೊಂದು ಸಲ, ಮತ್ತೆ ಎರಡು. ನಾಲ್ಕು ಮನಾಗೆ ಆರು ಕಾರ್ಡ್, ಮೇಲೆ ಹಾರೋ ಕ್ರೀಚರ್ ಒಂದು ಮೇಜಿನ ಮೇಲೆ ಉಳಿದಿರುತ್ತೆ. ಎರಡೂ ಕಾಮನ್. ಎಫೆಮೆರೇಟ್‌ನ ಮಲ್‌ಡ್ರಿಫ್ಟರ್ ಸತ್ತ ಮೇಲೆ ಹಾಕಿದ್ರೆ ಏನೂ ಆಗಲ್ಲ, ಸಾಯೋ ಟ್ರಿಗರ್ ಇನ್ನೂ ಸ್ಟ್ಯಾಕ್ ಮೇಲೆ ಇರುವಾಗಲೇ, ಅಂದ್ರೆ ಅದು ಫಲ ಕೊಡೋಕೆ ಸಾಲಲ್ಲಿ ಕಾಯ್ತಿರುವಾಗಲೇ, ಹಾಕಬೇಕು ಅನ್ನೋದನ್ನ ಮಾತ್ರ ಅವನಿಗೆ ಮರೀದೆ ಹೇಳಿ.